ಸಮೀಕರಣ ಬಿಡಿಸಲು ಬರುತ್ತದೆ, ಕಟ್ಟಲು ಬರುವುದಿಲ್ಲ: ವಯಸ್ಸಿನ ಮತ್ತು ಪ್ರಯಾಣದ ಲೆಕ್ಕಗಳು

ಪ್ರಶ್ನೆ: ಸಮೀಕರಣವನ್ನೇ ಕೊಟ್ಟರೆ ತಪ್ಪಿಲ್ಲದೆ ಬಿಡಿಸುತ್ತೇನೆ. ಅದನ್ನೇ ವಾಕ್ಯಗಳಲ್ಲಿ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಎರಡು ಲೆಕ್ಕಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲನೆಯದು: ತಾಯಿಯ ವಯಸ್ಸು ಈಗ ಮಗಳ ವಯಸ್ಸಿನ ನಾಲ್ಕರಷ್ಟಿದೆ, ಆರು ವರ್ಷಗಳ ನಂತರ ಮೂರರಷ್ಟಾಗುತ್ತದೆ. ಈಗ ಇಬ್ಬರ ವಯಸ್ಸೆಷ್ಟು? ನನಗೆ 18 ಮತ್ತು 72 ಬರುತ್ತಿದೆ, ಉತ್ತರ ಅದಲ್ಲವಂತೆ. ಎರಡನೆಯದು: ಒಬ್ಬರು ಬೆಳಿಗ್ಗೆ 6 ಗಂಟೆಗೆ ಹೊರಟು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾರೆ. ಅದೇ ಜಾಗದಿಂದ, ಅದೇ ದಾರಿಯಲ್ಲಿ 7.30ಕ್ಕೆ ಇನ್ನೊಬ್ಬರು ಹೊರಟು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಾರೆ. ಎರಡನೆಯವರು ಮೊದಲನೆಯವರನ್ನು ಎಷ್ಟು ಗಂಟೆಗೆ ಹಿಡಿಯುತ್ತಾರೆ? ಇಲ್ಲಿ −4.5 ಬರುತ್ತಿದೆ. ಸೂತ್ರಗಳೆಲ್ಲ ಬಾಯಿಪಾಠವಾಗಿವೆ. ಆದರೂ ಹೀಗೇಕೆ?

ಉತ್ತರ: ನಿಮ್ಮ ಎರಡೂ ತಪ್ಪು ಉತ್ತರಗಳನ್ನು ಕೊಟ್ಟಿರುವುದು ಬಹಳ ಒಳ್ಳೆಯದಾಯಿತು. ನೀವು ಎಲ್ಲಿ ಎಡವಿದ್ದೀರಿ ಎಂಬುದನ್ನು ಆ ಸಂಖ್ಯೆಗಳೇ ಹೇಳುತ್ತವೆ. 18 ಬಂದಿದೆಯೆಂದರೆ ನೀವು ಮಗಳ ಈಗಿನ ವಯಸ್ಸನ್ನು ವ ಎಂದಿಟ್ಟು 4ವ = 3(ವ + 6) ಎಂದು ಬರೆದಿರಬೇಕು. −4.5 ಬಂದಿದೆಯೆಂದರೆ ಮೊದಲನೆಯವರ ಸಮಯವನ್ನು ಸ ಎಂದಿಟ್ಟು 40ಸ = 60(ಸ + 1.5) ಎಂದು ಬರೆದಿರಬೇಕು. ಎರಡರಲ್ಲೂ ಬಿಡಿಸುವ ಕೆಲಸ ಸರಿಯಾಗಿಯೇ ಆಗಿದೆ. ಕಟ್ಟಿದ ಸಮೀಕರಣ ಮಾತ್ರ ಬೇರೆ ಯಾವುದೋ ಲೆಕ್ಕದ್ದು.

ಮೊದಲು ಒಂದು ಮೂಲ ವಿಷಯ ಹೇಳಿಬಿಡುತ್ತೇನೆ. ಇದೊಂದು ಕೈವಶವಾದರೆ ಈ ಜಾತಿಯ ಲೆಕ್ಕಗಳಲ್ಲಿ ಬಹುಪಾಲು ದಾರಿಗೆ ಬರುತ್ತವೆ. ಸಮೀಕರಣವೆಂದರೆ ಒಂದೇ ಪರಿಮಾಣವನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಹೇಳಿ, ನಡುವೆ ಸಮ ಚಿಹ್ನೆ ಇಡುವುದು. ಹಾಗಾಗಿ ಲೆಕ್ಕವನ್ನು ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವ ಸೂತ್ರ ಹಾಕಲಿ?" ಎಂಬುದಲ್ಲ. "ಈ ಲೆಕ್ಕದಲ್ಲಿ ಎರಡು ಸಲ ಹೇಳಿರುವ ಪರಿಮಾಣ ಯಾವುದು?" ಎಂಬುದು. ಅದು ಒಂದು ನಿರ್ದಿಷ್ಟ ಕಾಲದಲ್ಲಿ ತಾಯಿಯ ವಯಸ್ಸಾಗಿರಬಹುದು, ಇಬ್ಬರೂ ಕ್ರಮಿಸಿದ ದೂರವಾಗಿರಬಹುದು, ಅಥವಾ ತಲುಪಬೇಕಾದ ಸಮಯವಾಗಿರಬಹುದು. ಅದನ್ನು ಗುರುತಿಸದೆ ಪೆನ್ನು ಕಾಗದಕ್ಕೆ ತಾಗಿಸಬೇಡಿ.

"ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ, ರಷ್ಟು ಎಂದರೆ ಗುಣಿಸು" ಎಂದು ಪದಗಳ ಪಟ್ಟಿ ಮಾಡಿಸಿ ಕಲಿಸುವ ಪದ್ಧತಿಯೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಪಟ್ಟಿ ವಾಕ್ಯದಿಂದ ಒಂದೊಂದು ಪದವನ್ನು ಕಿತ್ತು ತೆಗೆದು ಚಿಹ್ನೆಯಾಗಿಸುತ್ತದೆ. ವಾಕ್ಯ ಏನು ಹೇಳುತ್ತಿದೆ ಎಂಬುದು ಮಾತ್ರ ಕೈಗೆ ಸಿಗುವುದಿಲ್ಲ. ನಿಮ್ಮ ಮೊದಲ ಲೆಕ್ಕದಲ್ಲಿ ಆಗಿರುವುದೂ ಇದೇ. "ನಾಲ್ಕರಷ್ಟು" ಕಂಡ ಕೂಡಲೇ 4ವ, "ಆರು ವರ್ಷಗಳ ನಂತರ" ಕಂಡ ಕೂಡಲೇ ವ + 6, "ಮೂರರಷ್ಟು" ಕಂಡ ಕೂಡಲೇ ಅದರ ಹಿಂದೆ 3. ಎಲ್ಲ ಪದಗಳಿಗೂ ಚಿಹ್ನೆ ಸಿಕ್ಕಿತು. ಆದರೆ ಆ ಆರು ವರ್ಷಗಳಲ್ಲಿ ಮಗಳು ಮಾತ್ರ ಬೆಳೆದಳು, ತಾಯಿ ಇದ್ದಲ್ಲೇ ಇದ್ದರು.

ಅದೇ ಲೆಕ್ಕವನ್ನು ಈಗ ನಿಧಾನವಾಗಿ ಕಟ್ಟೋಣ. ಮೊದಲ ಸಾಲು ಹೀಗಿರಲಿ:

ವ = ಮಗಳ ಈಗಿನ ವಯಸ್ಸು, ವರ್ಷಗಳಲ್ಲಿ.

ಈ ಸಾಲನ್ನು ಪೂರ್ತಿ ಬರೆಯಲೇಬೇಕು. "ವ = ಮಗಳು" ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು; ತೊಂದರೆ ಹುಟ್ಟುವುದೂ ಅಲ್ಲೇ. ಅಕ್ಷರ ನಿಲ್ಲುವುದು ವ್ಯಕ್ತಿಗಲ್ಲ, ಸಂಖ್ಯೆಗೆ. ಇದು ಎಷ್ಟು ಆಳವಾದ ಎಡವಟ್ಟು ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಅವರ ಸಂಗಡಿಗರು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದೇ ಒಂದು ವಾಕ್ಯ ಕೊಟ್ಟರು: ಈ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರರಷ್ಟಿದೆ, ಇದನ್ನು ಸಮೀಕರಣವಾಗಿ ಬರೆಯಿರಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಾಗಿ ಬರೆದರು. ಹೆಚ್ಚಿನವರ ತಪ್ಪು ಒಂದೇ ಬಗೆಯದು: ವಿ ವಿದ್ಯಾರ್ಥಿಗಳು, ಪ್ರಾ ಪ್ರಾಧ್ಯಾಪಕರು ಎಂದುಕೊಂಡು 6ವಿ = ಪ್ರಾ ಎಂದರು. "ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ" ಎಂಬ ಚಿತ್ರವನ್ನು ಹಾಗೆಯೇ ಕಾಗದಕ್ಕೆ ಇಳಿಸಿದ್ದರು. ಸರಿಯಾದದ್ದು ವಿ = 6ಪ್ರಾ. ಕಡಿಮೆ ಇರುವುದನ್ನು ಗುಣಿಸಿದರೆ ತಾನೆ ಹೆಚ್ಚಿರುವುದಕ್ಕೆ ಸಮವಾಗುವುದು? ನಿಮ್ಮ ಸಮೀಕರಣ ಸರಿಯಿದೆಯೇ ಎಂಬ ಅನುಮಾನ ಬಂದಾಗ ಸಣ್ಣ ಸಂಖ್ಯೆ ಹಾಕಿ ನೋಡಿ. ಪ್ರಾಧ್ಯಾಪಕರು 10 ಆದರೆ ವಿದ್ಯಾರ್ಥಿಗಳು 60 ಆಗಬೇಕು. 6 × 60 = 10 ಎಂದು ಯಾರೂ ಒಪ್ಪುವುದಿಲ್ಲ.

ಮುಂದಿನ ಹೆಜ್ಜೆ, ಇಬ್ಬರನ್ನೂ ಎರಡೂ ಕಾಲಗಳಲ್ಲಿ ಬರೆದುಕೊಳ್ಳುವುದು:

ಮಗಳು: ಈಗ ವ, ಆರು ವರ್ಷಗಳ ನಂತರ ವ + 6
ತಾಯಿ: ಈಗ 4ವ, ಆರು ವರ್ಷಗಳ ನಂತರ 4ವ + 6

ಇಲ್ಲಿಯವರೆಗೆ ಸಮ ಚಿಹ್ನೆಯ ಅಗತ್ಯವೇ ಬಿದ್ದಿಲ್ಲ. "ಮೂರರಷ್ಟಾಗುತ್ತದೆ" ಎಂಬ ಮಾತನ್ನೂ ಇನ್ನೂ ಬಳಸಿಲ್ಲ. ಆರು ವರ್ಷಗಳ ನಂತರದ ತಾಯಿಯ ವಯಸ್ಸು 4ವ + 6 ಎಂದು ನಮ್ಮ ಪಟ್ಟಿ ಹೇಳುತ್ತದೆ. ಅದೇ ವಯಸ್ಸು ಆಗಿನ ಮಗಳ ವಯಸ್ಸಿನ ಮೂರರಷ್ಟು, ಅಂದರೆ 3(ವ + 6), ಎಂದು ಲೆಕ್ಕ ಹೇಳುತ್ತದೆ. ಒಂದೇ ವಯಸ್ಸಿನ ಎರಡು ವಿವರಣೆಗಳು ಸಿಕ್ಕವು:

4ವ + 6 = 3(ವ + 6)

ಬಿಡಿಸಿದರೆ ವ = 12. ಮಗಳಿಗೆ 12, ತಾಯಿಗೆ 48. ತಾಳೆ ನೋಡುವಾಗ ಸಮೀಕರಣಕ್ಕೆ ಮರಳಬೇಡಿ, ಲೆಕ್ಕದ ಮಾತಿಗೆ ಮರಳಿ. ಸಮೀಕರಣವೇ ತಪ್ಪಿದ್ದರೆ ಅದರಿಂದ ಬಂದ ಉತ್ತರ ಅದಕ್ಕೆ ಸರಿಹೋಗಿಯೇ ಹೋಗುತ್ತದೆ, ನಿಮ್ಮ 18 ಹೋದ ಹಾಗೆ. ಮಾತಿಗೆ ಮರಳಿದರೆ 48 ಎಂಬುದು 12ರ ನಾಲ್ಕರಷ್ಟು, ಆರು ವರ್ಷಗಳ ನಂತರದ 54 ಎಂಬುದು 18ರ ಮೂರರಷ್ಟು. ನಿಮ್ಮ 72 ಮತ್ತು 18 ಆರು ವರ್ಷಗಳ ನಂತರ 78 ಮತ್ತು 24 ಆಗುತ್ತವೆ. 24ರ ಮೂರರಷ್ಟು 72 ಮಾತ್ರ.

ವಯಸ್ಸಿನ ಲೆಕ್ಕಗಳಿಗೆ ಇನ್ನೊಂದು ಬಾಗಿಲಿದೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ. ಇಬ್ಬರ ವಯಸ್ಸಿನ ಅಂತರ ಎಂದಿಗೂ ಬದಲಾಗುವುದಿಲ್ಲ. ಮೊತ್ತ ಬದಲಾಗುತ್ತದೆ, ಅನುಪಾತ ಬದಲಾಗುತ್ತದೆ, ಅಂತರ ಮಾತ್ರ ಹುಟ್ಟಿದ ದಿನದಿಂದ ಹಾಗೆಯೇ ಇರುತ್ತದೆ. ಹಾಗಾದರೆ ಎರಡು ಸಲ ಹೇಳಬಹುದಾದ ಪರಿಮಾಣ ಅಂತರವೇ ಆಗಲಿ. ಈಗ ತಾಯಿ ನಾಲ್ಕು ಪಾಲು, ಮಗಳು ಒಂದು ಪಾಲು, ಅಂತರ 3ವ. ಆರು ವರ್ಷಗಳ ನಂತರ ತಾಯಿ ಮೂರು ಪಾಲು, ಮಗಳು ಒಂದು ಪಾಲು, ಅಂತರ 2(ವ + 6). ಎರಡೂ ಒಂದೇ: 3ವ = 2(ವ + 6), ಅಂದರೆ ವ = 12. ಒಂದೇ ಸಾಲಿನಲ್ಲಿ ಮುಗಿಯಿತು.

ಅಂತರ ಸ್ಥಿರವಾಗಿರುವುದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ವರ್ಷಗಳು ಕಳೆದಂತೆ ಹಿರಿಯರ ಮತ್ತು ಕಿರಿಯರ ವಯಸ್ಸಿನ ಅನುಪಾತ ಇಳಿಯುತ್ತಲೇ ಹೋಗುತ್ತದೆ. ನಾಲ್ಕರಷ್ಟಿದ್ದದ್ದು ಮೂರರಷ್ಟಾಗಬಹುದು, ಮೂರರಷ್ಟಿದ್ದದ್ದು ಮುಂದೆಂದೂ ನಾಲ್ಕರಷ್ಟಾಗಲಾರದು. "ಈಗ ಮೂರರಷ್ಟು, ಹತ್ತು ವರ್ಷಗಳ ನಂತರ ನಾಲ್ಕರಷ್ಟು" ಎಂದು ಯಾರಾದರೂ ಲೆಕ್ಕ ಕೊಟ್ಟರೆ 3ವ + 10 = 4(ವ + 10) ಆಗಿ ವ = −30 ಬರುತ್ತದೆ. ಯಾರ ವಯಸ್ಸೂ −30 ಇರುವುದಿಲ್ಲ. ಪ್ರಶ್ನೆಯಲ್ಲಿ ಹಿಂದೆ ಮುಂದೆಗಳು ಅದಲುಬದಲಾಗಿವೆ ಎಂದು ಬಿಡಿಸುವ ಮೊದಲೇ ಹೇಳಬಹುದು.

ಆದರೆ ಋಣ ಸಂಖ್ಯೆ ಬಂದ ಕೂಡಲೇ ಹೊಡೆದುಹಾಕುವುದೂ ಸರಿಯಲ್ಲ. ತಂದೆಗೆ 45, ಮಗನಿಗೆ 20. ಎಷ್ಟು ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಆರರಷ್ಟಾಗುತ್ತದೆ? 45 + ಸ = 6(20 + ಸ) ಎಂದು ಬರೆದರೆ ಸ = −15. ಇಲ್ಲಿ ಋಣ ಚಿಹ್ನೆ ಕಾಲದ ಮೇಲಿದೆ, ವಯಸ್ಸಿನ ಮೇಲಲ್ಲ. "ನಂತರ" ಎಂದು ನಾವು ಊಹಿಸಿಕೊಂಡದ್ದು ವಾಸ್ತವದಲ್ಲಿ "ಹಿಂದೆ" ಎಂದು ಅದು ತಿದ್ದುತ್ತಿದೆ. ಹದಿನೈದು ವರ್ಷಗಳ ಹಿಂದೆ ತಂದೆಗೆ 30, ಮಗನಿಗೆ 5, ಸರಿಯಾಗಿ ಆರರಷ್ಟು. ಅಕ್ಷರ ಯಾವುದನ್ನು ಸೂಚಿಸುತ್ತದೆ ಎಂದು ಮೊದಲ ಸಾಲಿನಲ್ಲಿ ಬರೆದಿಟ್ಟುಕೊಂಡವರಿಗೆ ಈ ಎರಡು −ಗಳ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಇದೇ ಕಣ್ಣಿನಿಂದ ನಿಮ್ಮ −4.5 ಅನ್ನು ನೋಡೋಣ. ಪ್ರಯಾಣದ ಲೆಕ್ಕಗಳಲ್ಲಿ ಮೂರೇ ಪರಿಮಾಣಗಳು: ದೂರ, ವೇಗ, ಸಮಯ. ದೂರ = ವೇಗ × ಸಮಯ ಎಂಬುದೊಂದೇ ಸಂಬಂಧ. ನಿಮ್ಮ ಲೆಕ್ಕದಲ್ಲಿ ಇಬ್ಬರ ವೇಗವೂ ಬೇರೆ, ಹೊರಟ ಸಮಯವೂ ಬೇರೆ. ಇಬ್ಬರಿಗೂ ಸಮನಾಗಿರುವುದು ಯಾವುದು? ಹಿಡಿಯುವ ಹೊತ್ತಿಗೆ ಇಬ್ಬರೂ ಒಂದೇ ಜಾಗದಲ್ಲಿರುತ್ತಾರೆ, ಹೊರಟದ್ದೂ ಒಂದೇ ಜಾಗದಿಂದ. ಆದ್ದರಿಂದ ಇಬ್ಬರೂ ಕ್ರಮಿಸಿದ ದೂರ ಒಂದೇ. ಎರಡು ಸಲ ಹೇಳಬೇಕಾದದ್ದು ಆ ದೂರ. ಇಷ್ಟನ್ನು ನೀವು ಸರಿಯಾಗಿ ಹಿಡಿದಿದ್ದೀರಿ, ಅದಕ್ಕೇ ನಿಮ್ಮ ಸಮೀಕರಣದ ಎರಡೂ ಕಡೆ ದೂರಗಳೇ ಇವೆ.

ಜಾರಿದ್ದು ಸಮಯದಲ್ಲಿ. ಎರಡನೆಯವರು ಒಂದೂವರೆ ಗಂಟೆ ತಡವಾಗಿ ಹೊರಟರು ಎಂದ ಕೂಡಲೇ ಅವರ ಸಮಯಕ್ಕೆ 1.5 ಕೂಡಿಸಿದಿರಿ. ತಡವಾಗಿ ಹೊರಟವರು ದಾರಿಯಲ್ಲಿ ಕಳೆದ ಸಮಯ ಕಡಿಮೆ ತಾನೆ? ಗಡಿಯಾರದ ಸಮಯ ಬೇರೆ, ಪ್ರಯಾಣದ ಸಮಯ ಬೇರೆ. 7.30 ಎಂಬುದು 6ಕ್ಕಿಂತ ದೊಡ್ಡದು, ಆದರೆ 7.30ಕ್ಕೆ ಹೊರಟವರ ಪ್ರಯಾಣ 6ಕ್ಕೆ ಹೊರಟವರದ್ದಕ್ಕಿಂತ ಚಿಕ್ಕದು. ಇವೆರಡನ್ನೂ ಒಂದೇ ಅಕ್ಷರದಲ್ಲಿ ತುಂಬಿದರೆ ಹೀಗಾಗುತ್ತದೆ. ಸ = ಮೊದಲನೆಯವರು ಪ್ರಯಾಣಿಸಿದ ಗಂಟೆಗಳು ಎಂದು ಬರೆದುಕೊಂಡರೆ ಎರಡನೆಯವರದ್ದು ಸ − 1.5:

40ಸ = 60(ಸ − 1.5)

20ಸ = 90, ಸ = 4.5. ಆರು ಗಂಟೆಗೆ ನಾಲ್ಕೂವರೆ ಗಂಟೆ ಕೂಡಿಸಿದರೆ 10.30. ಮೊದಲನೆಯವರು 4.5 × 40 = 180 ಕಿ.ಮೀ., ಎರಡನೆಯವರು 3 × 60 = 180 ಕಿ.ಮೀ. ಪ್ರಶ್ನೆ ಕೇಳಿದ್ದು "ಎಷ್ಟು ಗಂಟೆಗೆ" ಎಂದು, "ಎಷ್ಟು ಗಂಟೆ" ಎಂದಲ್ಲ. 4.5 ಎಂದು ಬರೆದು ನಿಲ್ಲಿಸಿದರೆ ಕೈಗೆ ಬಂದ ಅಂಕ ಹೋಗುತ್ತದೆ.

ನಿಮ್ಮದು −4.5, ಸರಿಯಾದದ್ದು 4.5. ಇದು ಕಾಕತಾಳೀಯವಲ್ಲ. ನೀವು ಕಟ್ಟಿದ ಸಮೀಕರಣದ ಪ್ರಕಾರ ವೇಗವಾಗಿ ಹೋಗುವವರೇ ಒಂದೂವರೆ ಗಂಟೆ ಮೊದಲು ಹೊರಟಿದ್ದಾರೆ. ಅಂಥವರನ್ನು ನಿಧಾನವಾಗಿ ಹೋಗುವವರು ಹಿಡಿಯುವುದುಂಟೇ? ಅವರಿಬ್ಬರೂ ಒಟ್ಟಿಗೆ ಇರಬೇಕಾದರೆ ಗಡಿಯಾರವನ್ನು ಇಬ್ಬರೂ ಹೊರಡುವುದಕ್ಕಿಂತ ಹಿಂದಕ್ಕೆ ತಿರುಗಿಸಬೇಕು. ಅದನ್ನೇ −4.5 ಹೇಳಿತು. ನೀವು ಕೇಳಿದ ಪ್ರಶ್ನೆಗೆ ಬೀಜಗಣಿತ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಿದೆ.

ಇದೇ ಲೆಕ್ಕವನ್ನು ಸಮೀಕರಣವಿಲ್ಲದೆಯೂ ಮಾಡಬಹುದು. 7.30ಕ್ಕೆ ಮೊದಲನೆಯವರು 60 ಕಿ.ಮೀ. ಮುಂದಿದ್ದಾರೆ. ಆಮೇಲೆ ಗಂಟೆಗೆ 20 ಕಿ.ಮೀ.ಯಂತೆ ಆ ಅಂತರ ಕರಗುತ್ತದೆ. ಮೂರು ಗಂಟೆಯಲ್ಲಿ ಪೂರ್ತಿ ಕರಗುತ್ತದೆ. ಎದುರುಬದುರಾಗಿ ಬರುವವರಾದರೆ ಅಂತರ ಕರಗುವುದು ವೇಗಗಳ ಮೊತ್ತದಂತೆ: 300 ಕಿ.ಮೀ. ದೂರದ ಎರಡು ಊರುಗಳಿಂದ ಒಬ್ಬರು 50ರ ವೇಗದಲ್ಲಿ, ಇನ್ನೊಬ್ಬರು 70ರ ವೇಗದಲ್ಲಿ ಒಂದೇ ಹೊತ್ತಿಗೆ ಹೊರಟರೆ 300 ÷ 120, ಎರಡೂವರೆ ಗಂಟೆಯಲ್ಲಿ ಸೇರುತ್ತಾರೆ. ಒಂದೇ ದಿಕ್ಕಾದರೆ ವೇಗಗಳ ಅಂತರದಿಂದ, ವಿರುದ್ಧ ದಿಕ್ಕಾದರೆ ವೇಗಗಳ ಮೊತ್ತದಿಂದ ದೂರವನ್ನು ಭಾಗಿಸಬೇಕೆಂಬ ಈ ನಿಯಮವನ್ನು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಒಂದು ಶ್ಲೋಕದಲ್ಲಿ ಕೊಟ್ಟಿದ್ದಾನೆ. ಅವನ ಮುಂದಿದ್ದದ್ದು ಆಕಾಶದಲ್ಲಿ ಗ್ರಹಗಳು ಕೂಡುವ ಹೊತ್ತನ್ನು ಲೆಕ್ಕ ಹಾಕುವ ಕೆಲಸ. ನಿಮ್ಮ ಇಬ್ಬರು ಪ್ರಯಾಣಿಕರಿಗೂ ಅದೇ ನಿಯಮ.

ನಾನು ಇಂಗ್ಲಿಷಿನ ಎಕ್ಸ್, ವೈ ಬಿಟ್ಟು ವ, ಸ ಎಂದು ಬರೆಯುತ್ತಿರುವುದನ್ನು ಗಮನಿಸಿರಬಹುದು. ಯಾವ ಅಕ್ಷರವಾದರೂ ನಡೆಯುತ್ತದೆ. 12ನೇ ಶತಮಾನದ ಭಾಸ್ಕರಾಚಾರ್ಯ ಮೊದಲ ಅವ್ಯಕ್ತಕ್ಕೆ, ಅಂದರೆ ಬೆಲೆ ಗೊತ್ತಿಲ್ಲದ ಪರಿಮಾಣಕ್ಕೆ, "ಯಾ" ಎಂದೂ, ಮುಂದಿನವುಗಳಿಗೆ ಬಣ್ಣಗಳ ಹೆಸರಿನಿಂದ "ಕಾ", "ನೀ" ಎಂದೂ ಬರೆಯುತ್ತಿದ್ದ. ಪರಿಮಾಣದ ಹೆಸರಿನ ಮೊದಲ ಅಕ್ಷರವನ್ನೇ ಆರಿಸಿಕೊಂಡರೆ ಅದು ಏನೆಂಬುದು ಕೊನೆಯ ಸಾಲಿನವರೆಗೂ ನೆನಪಿರುತ್ತದೆ. ಕಲಿಯುವ ಹಂತದಲ್ಲಿ ಇದು ದೊಡ್ಡ ಅನುಕೂಲ.

ಪ್ರಯಾಣದ ಲೆಕ್ಕಗಳಲ್ಲಿ ನಿಜವಾದ ಪರೀಕ್ಷೆ ಇರುವುದು ಸಮಯವೇ ಎರಡು ಸಲ ಹೇಳಬೇಕಾದ ಪರಿಮಾಣವಾದಾಗ. ಇದನ್ನು ನೋಡಿ: ಒಬ್ಬರು ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ ತಲುಪಬೇಕಾದ ಹೊತ್ತಿಗಿಂತ 10 ನಿಮಿಷ ತಡವಾಗುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ 5 ನಿಮಿಷ ಮೊದಲೇ ತಲುಪುತ್ತಾರೆ. ದೂರವೆಷ್ಟು?

ದೂರ ಕೊಟ್ಟಿಲ್ಲ, ಸಮಯ ಕೊಟ್ಟಿಲ್ಲ, ಕೊಟ್ಟಿರುವುದು ತಡ ಮತ್ತು ಬೇಗ ಮಾತ್ರ ಎಂದು ಅನೇಕರು ಕೈಚೆಲ್ಲುತ್ತಾರೆ. ಆದರೆ ತಡ ಎಂದಾಗ ಯಾವುದಕ್ಕೆ ಹೋಲಿಸಿ ತಡ? ಬೇಗ ಎಂದಾಗ ಯಾವುದಕ್ಕೆ ಹೋಲಿಸಿ ಬೇಗ? ಎರಡೂ ಮಾತುಗಳ ಹಿಂದೆ ಒಂದೇ ಪರಿಮಾಣ ಅಡಗಿದೆ: ಸರಿಯಾದ ಹೊತ್ತಿಗೆ ತಲುಪಲು ದಾರಿಯಲ್ಲಿ ಕಳೆಯಬೇಕಾದ ಸಮಯ. ಲೆಕ್ಕದಲ್ಲಿ ಅದರ ಹೆಸರೇ ಬಂದಿಲ್ಲ, ಆದರೆ ಅದನ್ನು ಎರಡು ಸಲ ಹೇಳಿದ್ದಾರೆ. ದೂರ ದ ಕಿ.ಮೀ. ಆದರೆ ನಿಧಾನವಾಗಿ ನಡೆದಾಗ ಹಿಡಿಯುವ ಸಮಯ ದ/4 ಗಂಟೆ, ಅದರಿಂದ 10 ನಿಮಿಷ ಕಳೆದರೆ ಸರಿಯಾದ ಸಮಯ. ಬೇಗ ನಡೆದಾಗ ದ/5 ಗಂಟೆ, ಅದಕ್ಕೆ 5 ನಿಮಿಷ ಕೂಡಿಸಿದರೆ ಅದೇ ಸಮಯ.

ದ/4 − 10/60 = ದ/5 + 5/60

ನಿಮಿಷಗಳನ್ನು ಗಂಟೆಗೆ ತಂದಿರುವುದನ್ನು ನೋಡಿ. ವೇಗ ಗಂಟೆಯ ಲೆಕ್ಕದಲ್ಲಿದ್ದರೆ ಸಮಯವೂ ಗಂಟೆಯ ಲೆಕ್ಕದಲ್ಲೇ ಇರಬೇಕು. ಇಲ್ಲಿ 10 ಮತ್ತು 5 ಎಂದೇ ಬರೆದವರಿಗೆ 300 ಕಿ.ಮೀ. ಬರುತ್ತದೆ, ಅಷ್ಟು ದೂರ ನಡೆದು ಹತ್ತೇ ನಿಮಿಷ ತಡವಾಗುವುದು ಹೇಗೆ ಎಂದು ಅವರು ಒಂದು ಕ್ಷಣ ಯೋಚಿಸಿದರೆ ಸಾಕು, ತಪ್ಪು ಸಿಗುತ್ತದೆ. ಸರಿಯಾಗಿ ಬಿಡಿಸಿದರೆ ದ/20 = 15/60, ದ = 5 ಕಿ.ಮೀ. ನಾಲ್ಕರ ವೇಗದಲ್ಲಿ 75 ನಿಮಿಷ, ಐದರ ವೇಗದಲ್ಲಿ 60 ನಿಮಿಷ, ಸರಿಯಾದ ಸಮಯ 65 ನಿಮಿಷ. ಎಲ್ಲವೂ ಕೂಡಿಬಂತು.

ಹೋಗಿ ಬರುವ ಲೆಕ್ಕಗಳಲ್ಲಿ ಕಾದಿರುವ ಬಲೆ ಸರಾಸರಿ ವೇಗದ್ದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 40ರ ವೇಗದಲ್ಲಿ ಮರಳಿದರೆ ಸರಾಸರಿ 50 ಅಲ್ಲ, 48. ನಿಧಾನದ ಪ್ರಯಾಣ ಹೆಚ್ಚು ಹೊತ್ತು ನಡೆಯುವುದರಿಂದ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೋಗುವಾಗ ದ/60, ಬರುವಾಗ ದ/40, ಒಟ್ಟು ದ/24 ಗಂಟೆ, ಒಟ್ಟು ದೂರ 2ದ, ಭಾಗಿಸಿದರೆ 48. ದೂರ ತಾನಾಗಿ ಹೊಡೆದುಹೋಯಿತು, ಅದು ಎಷ್ಟಿದ್ದರೂ ಉತ್ತರ ಇದೇ. ಹೋಗಿ ಬರಲು ಒಟ್ಟು 5 ಗಂಟೆ ಹಿಡಿಯಿತು ಎಂದು ಹೇಳಿದ್ದರೆ ಮಾತ್ರ ದ/24 = 5 ಆಗಿ ದೂರ 120 ಕಿ.ಮೀ. ಎಂದು ತಿಳಿಯುತ್ತದೆ.

ಇದೇ ಬಲೆಯ ಇನ್ನೊಂದು ರೂಪ ಇದಕ್ಕಿಂತ ಸೊಗಸಾಗಿದೆ. ದಾರಿಯ ಅರ್ಧವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಕ್ರಮಿಸಿದ್ದೀರಿ. ಒಟ್ಟು ದಾರಿಯ ಸರಾಸರಿ 60 ಆಗಬೇಕಾದರೆ ಉಳಿದರ್ಧವನ್ನು ಎಷ್ಟು ವೇಗದಲ್ಲಿ ಕ್ರಮಿಸಬೇಕು? 90 ಎಂದು ಬಾಯಿಗೆ ಬರುತ್ತದೆ. ಅರ್ಧ ದಾರಿ ದ, ಬೇಕಾದ ವೇಗ ಗ ಎಂದಿಟ್ಟು ಒಟ್ಟು ಸಮಯವನ್ನು ಎರಡು ರೀತಿ ಬರೆಯಿರಿ: ದ/30 + ದ/ಗ = 2ದ/60. ಬಲಭಾಗವೂ ದ/30. ಹಾಗಾದರೆ ದ/ಗ ಸೊನ್ನೆಯಾಗಬೇಕು, ಯಾವ ವೇಗಕ್ಕೂ ಅದು ಆಗುವುದಿಲ್ಲ. 60ರ ಸರಾಸರಿಗೆ ಸಿಗುತ್ತಿದ್ದ ಸಮಯವನ್ನೆಲ್ಲ ಮೊದಲರ್ಧವೇ ನುಂಗಿಹಾಕಿದೆ. ಉತ್ತರವಿಲ್ಲ ಎಂಬುದೇ ಇಲ್ಲಿ ಉತ್ತರ, ಮತ್ತು ಅದನ್ನು ಸಮೀಕರಣ ಸ್ಪಷ್ಟವಾಗಿ ಹೇಳಿತು.

ದೋಣಿ ಮತ್ತು ಪ್ರವಾಹದ ಲೆಕ್ಕಗಳಲ್ಲಿ ಹೊಸದೇನಿಲ್ಲ. ಪ್ರವಾಹದ ಜೊತೆ ಹೋಗುವಾಗ ಎರಡು ವೇಗಗಳ ಮೊತ್ತ, ಎದುರು ಹೋಗುವಾಗ ಅಂತರ. 24 ಕಿ.ಮೀ. ಇಳಿಯಲು 2 ಗಂಟೆ, ಏರಲು 3 ಗಂಟೆ ಎಂದರೆ ಮೊತ್ತ 12, ಅಂತರ 8. ದೋಣಿ 10, ಪ್ರವಾಹ 2. ರೈಲಿನ ಲೆಕ್ಕಗಳಲ್ಲಿ ನೆನಪಿಡಬೇಕಾದದ್ದು, ಸೇತುವೆ ದಾಟುವಾಗ ರೈಲು ತನ್ನ ಉದ್ದವನ್ನೂ ಸೇರಿಸಿ ಕ್ರಮಿಸಬೇಕು ಎಂಬುದೊಂದೇ.

ಮತ್ತೆ ವಯಸ್ಸಿಗೆ ಬರುತ್ತೇನೆ, ಎಲ್ಲರನ್ನೂ ಕಾಡುವ ಒಂದು ವಾಕ್ಯ ಉಳಿದಿದೆ. ಅಣ್ಣ ತಮ್ಮನಿಗೆ ಹೇಳುತ್ತಾನೆ: "ನಿನಗೀಗ ಇರುವಷ್ಟು ವಯಸ್ಸು ನನಗಿದ್ದಾಗ ನಿನಗೆ ಎಷ್ಟು ವಯಸ್ಸಾಗಿತ್ತೋ, ಅದರ ಎರಡರಷ್ಟು ನನಗೀಗ." ಇಬ್ಬರ ಈಗಿನ ವಯಸ್ಸುಗಳ ಮೊತ್ತ 56. ಒಬ್ಬೊಬ್ಬರಿಗೆ ಎಷ್ಟು?

ಈ ವಾಕ್ಯವನ್ನು ಒಂದೇ ಉಸಿರಿನಲ್ಲಿ ಓದಿ ಅರ್ಥ ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕನ್ನಡ ವಾಕ್ಯ ಷರತ್ತನ್ನು ಮೊದಲು ಹೇಳಿ ಫಲಿತಾಂಶವನ್ನು ಕೊನೆಗೆ ಇಡುತ್ತದೆ. ಅದೇ ಕ್ರಮದಲ್ಲಿ ತುಂಡು ತುಂಡಾಗಿ ಬರೆದುಕೊಂಡು ಹೋಗಿ. ತಮ್ಮನ ಈಗಿನ ವಯಸ್ಸು ತ. ಬದಲಾಗದ ಅಂತರ ಅಂ. ಅಣ್ಣನಿಗೆ ಈಗ ತ + ಅಂ. "ನಿನಗೀಗ ಇರುವಷ್ಟು ವಯಸ್ಸು ನನಗಿದ್ದಾಗ" ಎಂದರೆ ಅಣ್ಣನಿಗೆ ತ ವರ್ಷವಾಗಿದ್ದಾಗ, ಅಂದರೆ ಅಂ ವರ್ಷಗಳ ಹಿಂದೆ. "ನಿನಗೆ ಎಷ್ಟು ವಯಸ್ಸಾಗಿತ್ತೋ" ಎಂದರೆ ತ − ಅಂ. "ಅದರ ಎರಡರಷ್ಟು" ಎಂದರೆ 2(ತ − ಅಂ). "ನನಗೀಗ" ಎಂದಾಗ ಸಮ ಚಿಹ್ನೆ ಬಂತು, ಅಣ್ಣನ ಈಗಿನ ವಯಸ್ಸು ಎರಡನೆಯ ಸಲ ಹೇಳಲ್ಪಟ್ಟಿತು:

ತ + ಅಂ = 2(ತ − ಅಂ)

ಬಿಡಿಸಿದರೆ ತ = 3ಅಂ. ತಮ್ಮ ಮೂರು ಪಾಲು, ಅಣ್ಣ ನಾಲ್ಕು ಪಾಲು, ಒಟ್ಟು ಏಳು ಪಾಲು 56, ಒಂದು ಪಾಲು 8. ತಮ್ಮನಿಗೆ 24, ಅಣ್ಣನಿಗೆ 32. ಎಂಟು ವರ್ಷಗಳ ಹಿಂದೆ ಅಣ್ಣನಿಗೆ 24, ತಮ್ಮನಿಗೆ 16. 16ರ ಎರಡರಷ್ಟು 32. ಅಂತರಕ್ಕೆ ಒಂದು ಅಕ್ಷರ ಕೊಟ್ಟದ್ದೇ ಇಲ್ಲಿ ಗೆಲುವು. ಅಣ್ಣನಿಗೊಂದು, ತಮ್ಮನಿಗೊಂದು ಅಕ್ಷರ ಇಟ್ಟುಕೊಂಡು ಶುರು ಮಾಡಿದವರು ಹಿಂದಿನ ಕಾಲಕ್ಕೆ ಹೋಗುವ ದಾರಿ ಹುಡುಕುತ್ತಾ ದಣಿಯುತ್ತಾರೆ.

ವಯಸ್ಸಿನ ಲೆಕ್ಕಗಳಲ್ಲಿ ಅತಿ ಹೆಸರುವಾಸಿಯಾದದ್ದು ಗ್ರೀಕ್ ಗಣಿತಜ್ಞ ಡಯೋಫ್ಯಾಂಟಸನ ಬಗೆಗಿನ ಪದ್ಯದ್ದು. ಅವನ ಬಾಳಿನ ಆರನೇ ಒಂದು ಭಾಗ ಬಾಲ್ಯ. ಇನ್ನು ಹನ್ನೆರಡನೇ ಒಂದು ಭಾಗ ಕಳೆದಾಗ ಗಡ್ಡ ಮೂಡಿತು. ಇನ್ನು ಏಳನೇ ಒಂದು ಭಾಗದ ನಂತರ ಮದುವೆ. ಐದು ವರ್ಷಕ್ಕೆ ಮಗ ಹುಟ್ಟಿದ. ಮಗ ಬದುಕಿದ್ದು ತಂದೆಯ ಆಯುಸ್ಸಿನ ಅರ್ಧ. ಅವನು ಸತ್ತ ನಾಲ್ಕು ವರ್ಷಕ್ಕೆ ತಂದೆಯೂ ಹೋದ. ಇಲ್ಲಿ ಎರಡು ಸಲ ಹೇಳಿರುವುದು ಪೂರ್ತಿ ಆಯುಸ್ಸನ್ನೇ: ಒಮ್ಮೆ ಇಡಿಯಾಗಿ, ಒಮ್ಮೆ ತುಂಡುಗಳ ಮೊತ್ತವಾಗಿ. ಆ ನಾಲ್ಕು ಭಿನ್ನರಾಶಿಗಳನ್ನು ಕೂಡಿದರೆ 75/84. ಉಳಿದ 9/84 ಭಾಗವೇ 5 + 4 = 9 ವರ್ಷ. ಆಯುಸ್ಸು 84. ಹನ್ನೆರಡರಿಂದಲೂ ಏಳರಿಂದಲೂ ಭಾಗವಾಗುವ, ಮನುಷ್ಯ ಬದುಕಬಹುದಾದ ವಯಸ್ಸು 84 ಒಂದೇ ಎಂದು ಒಂದೇ ಕ್ಷಣದಲ್ಲಿ ಉತ್ತರ ಹೇಳುವವರಿದ್ದಾರೆ. ಜಾಣತನವೇ ಹೌದು, ಆದರೆ ಎಲ್ಲ ತುಂಡುಗಳೂ ಪೂರ್ಣ ವರ್ಷಗಳೇ ಎಂದು ಪದ್ಯ ಎಲ್ಲೂ ಹೇಳಿಲ್ಲ. ಪರೀಕ್ಷೆಯಲ್ಲಿ ಊಹೆಯಿಂದ ಹಿಡಿದರೂ ತಾಳೆ ನೋಡಿಯೇ ಬರೆಯಿರಿ.

ಅಭ್ಯಾಸಕ್ಕೆ ದಿನಕ್ಕೆ ಹತ್ತಾರು ಲೆಕ್ಕ ಬಿಡಿಸಬೇಕೆಂದು ನಾನು ಹೇಳುವುದಿಲ್ಲ. ಒಂದು ವಾರ ಬಿಡಿಸುವುದನ್ನೇ ನಿಲ್ಲಿಸಿ. ಪ್ರತಿ ಲೆಕ್ಕಕ್ಕೂ ಅಕ್ಷರ ಏನನ್ನು ಸೂಚಿಸುತ್ತದೆ ಎಂಬ ಒಂದು ಸಾಲು, ಎರಡು ಸಲ ಹೇಳಿರುವ ಪರಿಮಾಣ ಯಾವುದು ಎಂಬ ಇನ್ನೊಂದು ಸಾಲು, ಆಮೇಲೆ ಸಮೀಕರಣ, ಅಷ್ಟಕ್ಕೇ ಮುಗಿಸಿ. ಬಿಡಿಸಲು ನಿಮಗೆ ಈಗಾಗಲೇ ಬರುತ್ತದೆ.

ಶುರು ಮಾಡಲು ಎರಡು ಕೊಡುತ್ತೇನೆ. ನಾಲ್ಕು ವರ್ಷಗಳ ಹಿಂದೆ ತಂದೆಯ ವಯಸ್ಸು ಮಗನ ವಯಸ್ಸಿನ ಐದರಷ್ಟಿತ್ತು. ಮೂರು ವರ್ಷಗಳ ನಂತರ ಮೂರರಷ್ಟಾಗುತ್ತದೆ. ಅಂತರವನ್ನು ಎರಡು ಸಲ ಬರೆಯಿರಿ, 39 ಮತ್ತು 11 ಬರಬೇಕು. ಇನ್ನೊಂದು ಸ್ವಲ್ಪ ಗಟ್ಟಿ: ಎರಡು ಊರುಗಳಿಂದ ಇಬ್ಬರು ಒಂದೇ ಹೊತ್ತಿಗೆ ಎದುರುಬದುರಾಗಿ ಹೊರಟು, ದಾರಿಯಲ್ಲಿ ಭೇಟಿಯಾಗಿ, ನಿಲ್ಲದೆ ಮುಂದೆ ಹೋಗುತ್ತಾರೆ. ಭೇಟಿಯಾದ ಮೇಲೆ ಊರು ಮುಟ್ಟಲು ಒಬ್ಬರಿಗೆ 4 ಗಂಟೆ, ಇನ್ನೊಬ್ಬರಿಗೆ 9 ಗಂಟೆ ಹಿಡಿಯುತ್ತದೆ. ಹೊರಟ ಎಷ್ಟು ಗಂಟೆಗಳ ನಂತರ ಭೇಟಿಯಾದರು? ಇಲ್ಲಿ ದೂರವೂ ಗೊತ್ತಿಲ್ಲ, ಯಾರ ವೇಗವೂ ಗೊತ್ತಿಲ್ಲ. ಆದರೆ ಭೇಟಿಗೆ ಮೊದಲು ಒಬ್ಬರು ನಡೆದ ದಾರಿಯೇ ಭೇಟಿಯ ನಂತರ ಇನ್ನೊಬ್ಬರು ನಡೆಯುವ ದಾರಿ. ಹಾಗಾಗಿ ದಾರಿಯ ಎರಡೂ ತುಂಡುಗಳನ್ನು ಎರಡೆರಡು ಸಲ ಹೇಳಿದಂತಾಯಿತು. ಆ ಎರಡು ಸಮೀಕರಣಗಳನ್ನು ಒಂದಕ್ಕೊಂದು ಗುಣಿಸಿ ನೋಡಿ, ವೇಗಗಳೆರಡೂ ಹೊಡೆದುಹೋಗಿ ಭೇಟಿಯ ಸಮಯದ ವರ್ಗ 36 ಎಂದು ಉಳಿಯುತ್ತದೆ.